ತೆಲುಗಿನ ಆದಾಯ, ಕನ್ನಡದ ಆದಾಯ

ಅಕ್ಕನನ್ನು ನೋಡಲು ಬಂದವರ ಮುಂದೆ ನಮ್ಮ ನಡುಮನೆಯಲ್ಲೇ ಕೂತು, ಗಂಡಿನ ಅಪ್ಪನನ್ನು ಆತನ ಎದುರಿಗೇ, ಆತನ ಧ್ವನಿಯಲ್ಲೇ ಅಣಕಿಸಿದವನು ನಾನು. ಬೇರೆ ಯಾರೂ ಅಲ್ಲ. ಇವತ್ತಿಗೂ ಮನೆಯಲ್ಲಿ ಆ ದಿನದ ಮಾತು ಬಂದರೆ ಎಲ್ಲರ ತಲೆಯೂ ಒಟ್ಟಿಗೆ ನನ್ನ ಕಡೆ ತಿರುಗುತ್ತದೆ. ಹೀಗಿರುವಾಗ ಸುತ್ತಿ ಬಳಸಿ ಹೇಳಿ ನಾನು ಉಳಿಸಿಕೊಳ್ಳುವ ಮಾನವೇನೂ ಇಲ್ಲ. ಅದರಲ್ಲೂ ಆ ಹುಡುಗ ಅಕ್ಕನಿಗೆ ಇಷ್ಟವಾಗಿದ್ದ. ಅದಕ್ಕೆ ಮುಂಚೆ ಬಂದ ಎರಡು ಗಂಡುಗಳನ್ನು ಅವಳೇ ಬೇಡವೆಂದಿದ್ದಳು. ಇವನ ಜೊತೆ ಮಾತ್ರ ಫೋನಿನಲ್ಲಿ ಮಾತಾಡುವಾಗ ಮಹಡಿ ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಉಂಗುಟ ತಿರುಗಿಸುತ್ತಿದ್ದಳು. ಅಷ್ಟು ಗೊತ್ತಿದ್ದೂ ನಾನು ಬಾಯಿ ಬಿಟ್ಟೆ.

ಇದೆಲ್ಲ ಈಗ ನೆನಪಾಗಲು ಕಾರಣ ನುಗ್ಗೇಕಾಯಿ. ಮೊನ್ನೆ ಅಮ್ಮ ಪಕ್ಕದ ಮನೆಗೆ ಕೊಡಲೆಂದು ಒಂದು ಕಟ್ಟು ನುಗ್ಗೇಕಾಯಿಯನ್ನು ಬಾಗಿಲ ಬಳಿ ಇಟ್ಟಿದ್ದಳು. ಅದಕ್ಕೆ ಬಿಗಿದಿದ್ದ ನೀಲಿ ಪಟ್ಟಿಯನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಎಲ್ಲೋ ಏನು, ನನ್ನ ಕೊರಳಲ್ಲೇ. ಮೂರು ತಿಂಗಳು ಗುರುತಿನ ಚೀಟಿ ತೂಗುಹಾಕಿಕೊಂಡು ಊರೂರು ತಿರುಗಿದ ಪಟ್ಟಿ ಅದು. ಹಿಂದೂಪುರದ ಹುಣಸೆಹಣ್ಣಿನ ಮಂಡಿಗಳ ಹತ್ತಿರ ಅಪ್ಪನದು ಹಗ್ಗ ಮತ್ತು ಗೋಣಿಚೀಲದ ಅಂಗಡಿ. ಹಗ್ಗದ ವ್ಯಾಪಾರಿಯ ಮನೆಯಲ್ಲಿ ನುಗ್ಗೇಕಾಯಿ ಕಟ್ಟಲು ಒಂದು ಮೊಳ ಹಗ್ಗ ಸಿಗಲಿಲ್ಲವಂತೆ.

"ಅಮ್ಮಾ, ಇದು ನನ್ ಉದ್ಯೋಗದ ಗುರ್ತು!" ಅಂದೆ.

"ಉದ್ಯೋಗ ಮುಗ್ದೋಯ್ತಲ್ಲಪ್ಪ. ಬರೀ ಗುರ್ತು ಇಕ್ಕಂಡು ಏನ್ ಮಾಡ್ತೀಯ? ಕಾಯಾದ್ರೂ ಕಟ್ಟಾಕ್ ಆಯ್ತು ಬಿಡು."

ನನ್ನ ಪರಿಚಯವನ್ನೂ ಇಲ್ಲೇ ಮುಗಿಸಿಬಿಡುತ್ತೇನೆ, ಹೆಚ್ಚೇನೂ ಇಲ್ಲ. ನಾನು ಮಿಮಿಕ್ರಿ ಮಾಡುತ್ತೇನೆ. ಹುಟ್ಟುವಾಗಲೇ ಸೂಲಗಿತ್ತಿಯ ಕೆಮ್ಮನ್ನು ಅನುಕರಿಸಿದೆ ಎಂದು ಅತ್ತೆ ಹೇಳುತ್ತಾಳೆ, ಆದರೆ ಅತ್ತೆಯ ಮಾತನ್ನು ಅರ್ಧಕ್ಕೆ ಇಳಿಸಿಕೊಂಡು ನಂಬಬೇಕು. ನಂಬಬಹುದಾದದ್ದು ಇಷ್ಟು: ಏಳನೇ ವಯಸ್ಸಿನಲ್ಲಿ ನಾನು ಕುಕ್ಕರಿನ ಸೀಟಿಯನ್ನು ಕಲಿತೆ. ಒಂದು ಮಧ್ಯಾಹ್ನ ಕುಕ್ಕರ್ ಒಂದು ಸೀಟಿ ಹೊಡೆಯಿತು, ಹಿತ್ತಿಲಲ್ಲಿ ಕೂತು ನಾನು ಎರಡು ಹೊಡೆದೆ. ಅಮ್ಮ ಒಲೆ ಆರಿಸಿದಳು. ಅಂದು ಮನೆಯವರೆಲ್ಲ ಅರೆಬೆಂದ ಬೇಳೆಯನ್ನು ಕಟಕಟ ಅಗಿದು ತಿಂದರು. ಅಪ್ಪ ಮಾತ್ರ, "ಇವನು ಮುಂದೆ ಏನೋ ಆಯ್ತಾನೆ ಕಣೆ" ಅಂದ. ಏನಾಗುತ್ತೇನೆಂದು ಆಗಲೂ ಹೇಳಲಿಲ್ಲ, ಈಗಲೂ ಹೇಳಿಲ್ಲ. ಮದುವೆ ಆರ್ಕೆಸ್ಟ್ರಾಗಳಲ್ಲಿ ಹಾಡುಗಾರ ನೀರು ಕುಡಿಯಲು ಹೋದಾಗ ನನ್ನನ್ನು ಮೈಕಿನ ಮುಂದೆ ನಿಲ್ಲಿಸುತ್ತಾರೆ. ಆತ ಬೇಗ ಕುಡಿದು ಬಂದರೆ ನನಗೆ ಒಂದು ತೆಂಗಿನಕಾಯಿ, ತಡವಾದರೆ ಕಾಯಿಯ ಜೊತೆ ಒಂದು ಟವೆಲ್ಲು.

ಇಂಥ ನನಗೆ ಮೂರು ತಿಂಗಳ ಕೆಲಸ ಸಿಕ್ಕಿತು. ಸರ್ಕಾರದ ಸರ್ವೆಗೆ ಮನೆಮನೆಗೆ ಹೋಗಿ ಆದಾಯ ಕೇಳಿ, ಕೈಯಲ್ಲಿರುವ ಟ್ಯಾಬಿಗೆ ತುಂಬುವ ಕೆಲಸ. ಎರಡು ಕಾಲಮ್ಮು: ಇಡೀ ಮನೆಗೆ ಎಷ್ಟು, ಮನೆಯ ಒಬ್ಬೊಬ್ಬ ದೊಡ್ಡವರಿಗೆ ಎಷ್ಟು. ಊರು ಕಲ್ಯಾಣದುರ್ಗದ ಸುತ್ತಮುತ್ತ. ಅಲ್ಲಿ ಅತ್ತೆಯ ಮನೆಯಿದೆ, ಊಟಕ್ಕೆ ಖರ್ಚಿಲ್ಲವೆಂಬುದೇ ನನ್ನ ಅರ್ಹತೆ. ಸೂಪರ್‌ವೈಸರು ಮೊದಲ ದಿನವೇ ಮೂರು ಅಪ್ಪಣೆ ಕೊಟ್ಟ. ಅಂಗಿ ಪ್ಯಾಂಟಿನೊಳಗೆ ಇರಬೇಕು. ಜನರ ಜೊತೆ ತೆಲುಗಿನಲ್ಲೇ ಮಾತಾಡಬೇಕು. ಯಾರು ಎಷ್ಟು ಹೇಳಿದರೆಂದು ಹೆಸರು ಹಿಡಿದು ಹೊರಗೆ ಹೇಳಬಾರದು. ಹೆಸರು ಹೇಳಬಾರದು ಅಂದನೇ ಹೊರತು, ಧ್ವನಿ ಹೇಳಬಾರದು ಅನ್ನಲಿಲ್ಲ. ಇದು ನಾನು ಆಮೇಲೆ ಮಾಡಿಕೊಂಡ ವಕೀಲಿಕೆ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು.

ನಮ್ಮ ಸೀಮೆಯ ಆದಾಯದ ವಿಷಯ ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದೂಪುರದಲ್ಲಿ ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಹೊರಟರೆ ಆ ಬಸ್ಸು ನಡುವೆ ಕರ್ನಾಟಕದೊಳಗೆ ಹೊಕ್ಕು, ಪಾವಗಡದಲ್ಲಿ ಟೀ ಕುಡಿದು, ಮತ್ತೆ ಆಂಧ್ರಕ್ಕೆ ಬರುತ್ತದೆ. ನಮ್ಮ ನಾಲಿಗೆಯೂ ಹಾಗೆಯೇ. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತೆಲುಗು. ಸೊಸೆಯನ್ನು ಬಯ್ಯುವುದು ಕನ್ನಡದಲ್ಲಿ, ಸೊಸೆಯ ಮೇಲೆ ದೂರು ಕೊಡುವುದು ತೆಲುಗಿನಲ್ಲಿ. ಆದಾಯವೂ ಎರಡು. ಸರ್ಕಾರದ ಕಡೆಯವರು ಕೇಳಿದರೆ ಹೇಳುವುದು ತೆಲುಗಿನ ಆದಾಯ. ಅದು ಬಡವರಿಗೆ ಕೊಡುವ ಬಿಳಿ ರೇಷನ್ ಕಾರ್ಡಿನಷ್ಟೇ ತೆಳ್ಳಗಿರುತ್ತದೆ, ಬಿಸಿಲಿಗೆ ಹಿಡಿದರೆ ಆಚೆ ಬದಿ ಕಾಣುತ್ತದೆ. ಬೀಗರು ಕೇಳಿದರೆ ಹೇಳುವುದು ಕನ್ನಡದ ಆದಾಯ. ಅದಕ್ಕೆ ಎಣ್ಣೆ ಹಚ್ಚಿ, ತಲೆ ಬಾಚಿ, ಹೊಸ ಪಂಚೆ ಉಡಿಸಿರುತ್ತಾರೆ. ಬ್ಯಾಂಕಿನ ಸಾಲಕ್ಕೆ ಬೇಕಾದ ಮೂರನೆಯದೊಂದಿದೆ, ಅದು ಇಂಗ್ಲಿಷಿನ ಆದಾಯ. ಅದನ್ನು ಆಡಿಟರು ಬರೆಯುತ್ತಾನೆ, ನಮಗೆ ಅರ್ಥವಾಗುವುದಿಲ್ಲ, ಸಹಿ ಮಾತ್ರ ಹಾಕುತ್ತೇವೆ.

ಇದನ್ನು ನಾನು ಕಲಿತದ್ದು ಶಾಲೆಯಲ್ಲಿ. ವರ್ಷಕ್ಕೊಮ್ಮೆ ಮೇಷ್ಟ್ರು ಫಾರಂ ತುಂಬಲು ನಮ್ಮನ್ನೆಲ್ಲ ನಿಲ್ಲಿಸಿ ಅಪ್ಪನ ಆದಾಯ ಕೇಳುತ್ತಿದ್ದರು. ಟೀ ಅಂಗಡಿಯವನ ಮಗ ಒಂದು ಸಂಖ್ಯೆ ಹೇಳುತ್ತಿದ್ದ. ಎಣ್ಣೆ ಗಾಣದ ಮಾಲೀಕನ ಮಗ, ಬೆರಳಲ್ಲಿ ಉಂಗುರ ಹಾಕಿಕೊಂಡೇ, ಅದಕ್ಕಿಂತ ಕಡಿಮೆ ಹೇಳುತ್ತಿದ್ದ. ಅವನ ಹಿಂದಿನವನು ಇನ್ನೂ ಕಡಿಮೆ. ಹರಾಜು ಕೂಗಿದ ಹಾಗೆ, ಆದರೆ ಕೆಳಮುಖವಾಗಿ. ಕೊನೆಯ ಬೆಂಚಿಗೆ ಬರುವ ಹೊತ್ತಿಗೆ ಇಡೀ ತರಗತಿ ಭಿಕ್ಷೆ ಬೇಡುವ ಹಂತಕ್ಕೆ ಇಳಿದಿರುತ್ತಿತ್ತು. ನನ್ನದು ಒಂದನೇ ಕ್ಲಾಸಿನಿಂದ ಹತ್ತರವರೆಗೆ ಒಂದೇ ಸಂಖ್ಯೆ: ವರ್ಷಕ್ಕೆ ಹನ್ನೆರಡು ಸಾವಿರ. ನಾನು ಬೆಳೆದೆ, ಅಂಗಡಿ ಬೆಳೆಯಿತು, ಅಪ್ಪನ ಹೊಟ್ಟೆ ಬೆಳೆಯಿತು, ಹನ್ನೆರಡು ಸಾವಿರ ಮಾತ್ರ ನಿಂತಲ್ಲೇ ನಿಂತಿತ್ತು.

"ಅಪ್ಪ, ನಮ್ ಆದಾಯ ಯಾಕ್ ಬೆಳೆಯಾಕಿಲ್ಲ?" ಎಂದು ಒಮ್ಮೆ ಕೇಳಿದೆ.

"ಅದು ನಮ್ಮನೆ ಆದಾಯ ಅಲ್ಲ ಕಣ್ಲಾ. ಅದು ಫಾರಂದು. ಫಾರಂ ಬೆಳೀತೈತಾ? ಸುಮ್ನೆ ಬರ್ಕೊಂಡು ಹೋಗು."

ಕಲ್ಯಾಣದುರ್ಗದ ಅತ್ತೆಗೆ ನನ್ನ ಟ್ಯಾಬು, ಕಾಲಮ್ಮು ಯಾವುದರಲ್ಲೂ ನಂಬಿಕೆಯಿರಲಿಲ್ಲ. "ಆದಾಯ ಎಷ್ಟು ಅಂತ ಕೇಳಿದ್ರೆ ಯಾವ್ ಮುಂಡೇದು ಹೇಳ್ತೈತೋ? ಕಳ್ಳೇಕಾಯಿ ಬಿತ್ತನೆಗೆ ಎಷ್ಟು ಮೂಟೆ ಎತ್ತಿಕ್ಕವ್ರೆ ಅಂತ ಕೇಳು. ಅದ್ರಾಗೆ ಗೊತ್ತಾಯ್ತದೆ," ಅಂದಳು. ಇಡೀ ಸರ್ವೆಯ ತಲೆಬುಡ ಅವಳ ಒಂದು ಮಾತಿನಲ್ಲಿತ್ತು. ಆದರೆ ಟ್ಯಾಬಿನಲ್ಲಿ ಮೂಟೆಗೆ ಜಾಗವಿರಲಿಲ್ಲ.

ಹಾಗಾಗಿ ನಾನು ಕೇಳಿದೆ, ಅವರು ಹೇಳಿದರು, ನಾನು ತುಂಬಿದೆ. ಬ್ರಹ್ಮಸಮುದ್ರದ ಕಡೆ ಒಂದು ಮನೆಯಲ್ಲಿ ಫ್ರಿಜ್ಜಿನ ಮೇಲೆ ಕಂಬಳಿ ಹೊದಿಸಿ ಅದಕ್ಕೆ ಅರಿಶಿನ ಕುಂಕುಮ ಇಟ್ಟಿದ್ದರು. "ಇದೇನಮ್ಮ?" ಅಂದರೆ, "ಮನೆದೇವ್ರು ಸಾರ್, ಮುಟ್ಟಬ್ಯಾಡಿ," ಅಂದರು. ಮನೆದೇವರು ಗುರ್ರ್ ಎಂದು ಸದ್ದು ಮಾಡಿ ಸುಮ್ಮನಾಯಿತು. ಇನ್ನೊಂದು ಮನೆಯಲ್ಲಿ ಮೋಟಾರ್ ಬೈಕು ಅಳಿಯನದು, ಟೀವಿ ಮೈದುನನದು, ಸೋಫಾ ಪಕ್ಕದ ಮನೆಯವರು ಇಡಲು ಕೊಟ್ಟದ್ದು. ಮನೆಯ ಯಜಮಾನನದು ಎನ್ನುವಂಥದ್ದು ಅವನ ಮೀಸೆಯೊಂದೇ. ಮಾತಿನ ನಡುವೆ ನಾನು ಮರೆತು ಕನ್ನಡಕ್ಕೆ ಹೊರಳಿದರೆ ಸಾಕು, "ಓ, ನಮ್ಮೋರಾ? ಯಾವೂರಪ್ಪ? ಯಾರ್ ಪೈಕಿ?" ಎಂದು ಚಾಪೆ ಬರುತ್ತಿತ್ತು, ಮಜ್ಜಿಗೆ ಬರುತ್ತಿತ್ತು, ಅಳಿಯನ ಬೈಕು ಅರ್ಧ ನಿಮಿಷದಲ್ಲಿ ಮಾವನದಾಗುತ್ತಿತ್ತು. ಅಷ್ಟರಲ್ಲಿ ನಾನು ತೆಲುಗಿನ ಸಂಖ್ಯೆಯನ್ನು ಒತ್ತಿ ಮುಗಿಸಿರುತ್ತಿದ್ದೆ. ಹಿಂದಕ್ಕೆ ಹೋಗುವ ಬಟನ್ನು ಎಲ್ಲಿದೆಯೆಂದು ಕೊನೆಯವರೆಗೂ ನನಗೆ ಗೊತ್ತಾಗಲಿಲ್ಲ.

ಇವರಲ್ಲಿ ನನ್ನ ಮನಸ್ಸು ಗೆದ್ದವನು ಕುಂದುರ್ಪಿ ಹತ್ತಿರದ ಹಳ್ಳಿಯ ಒಬ್ಬ ಯಜಮಾನ. ಹೆಸರು ಮಲ್ಲಪ್ಪ. ಆ ಕಡೆ ಮೂರು ಮನೆಗೊಬ್ಬ ಮಲ್ಲಪ್ಪ, ಆದ್ದರಿಂದ ಹೆಸರು ನೆನಪಿಡುವ ಗೋಜಿಗೆ ನಾನು ಹೋಗಲಿಲ್ಲ. ಹರಿದ ಬನಿಯನ್ನು, ಎರಡು ವಾರದ ಗಡ್ಡ. ನಾನೋ ಧೂಳಿಗೆ ಮುಖಕ್ಕೆ ಕರ್ಚೀಫು ಕಟ್ಟಿ, ತಲೆಗೆ ಟೋಪಿ ಹಾಕಿಕೊಂಡಿದ್ದೆ. ಆತ ತೆಲುಗಿನಲ್ಲಿ ಅಳುತ್ತಿದ್ದ ರೀತಿಗೆ ಒಂದು ತಾಳವಿತ್ತು. ಸಾಲು ಮುಗಿದ ಕೂಡಲೇ "ಹ್ಹ್ಮ್" ಎಂದು ಗಂಟಲು ಸರಿಪಡಿಸಿಕೊಳ್ಳುವುದು, ಮತ್ತೆ ಮುಂದಿನ ಸಾಲು. ಬೋರು ಎಂಡಿಪೋಯಿಂದಿ ಸಾರ್. ಹ್ಹ್ಮ್. ಎಂದರೆ, ಬೋರ್‌ವೆಲ್ ಒಣಗಿಹೋಗಿದೆ. ಪಶು ಪ್ರಾಣಿ ಏನಿದೆ ಎಂದು ಕೇಳಿದೆ. ಇರುವುದು ಒಂದೇ ಒಂದು ಮೇಕೆ ಸಾರ್, ಅದೂ ಕುಂಟು. ಹ್ಹ್ಮ್. ಆತನ ಬೆನ್ನ ಹಿಂದೆ, ಆ ಮೇಕೆಯೊಂದನ್ನು ಬಿಟ್ಟರೆ ಖಾಲಿಯಿದ್ದ ದೊಡ್ಡಿಯಲ್ಲಿ ಮೊಣಕಾಲೆತ್ತರ ಹಿಕ್ಕೆ ಬಿದ್ದಿತ್ತು. ಒಂದು ಕುಂಟು ಮೇಕೆ ಇಷ್ಟು ಹಿಕ್ಕೆ ಹಾಕಬೇಕಾದರೆ ಅದಕ್ಕೆ ತಿನ್ನಿಸುವುದೇನೆಂದು ಕೇಳುವ ಮನಸ್ಸಾಯಿತು. ಕೇಳಲಿಲ್ಲ. ಕಲಾವಿದನನ್ನು ನಡುವೆ ತಡೆಯಬಾರದು.

ಆ ಸಂಜೆಯೇ ಅತ್ತೆಯ ಮನೆಯಲ್ಲಿ ಅದನ್ನು ಮಾಡಿ ತೋರಿಸಿದೆ. ಅತ್ತೆ ನಗುತ್ತಾ ಅಕ್ಕಿ ಮೊರವನ್ನೇ ಬೀಳಿಸಿದಳು. ಅಲ್ಲಿಂದ ಅದು ನನ್ನ ಮುಖ್ಯ ಐಟಮ್ಮಾಯಿತು. ಎರಡು ಮದುವೆಗಳಲ್ಲಿ ಮಾಡಿ ಎರಡು ಟವೆಲ್ಲು ಗಳಿಸಿದೆ.

ಸರ್ವೆ ಮುಗಿದು ನಾನು ಹಿಂದೂಪುರಕ್ಕೆ ಮರಳಿದ ಮೇಲೆ ಅದೇ ಅತ್ತೆ ಅಕ್ಕನಿಗೊಂದು ಸಂಬಂಧ ತಂದಳು. ಹುಡುಗ ಶಿವಕುಮಾರ. ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಹತ್ತಿರ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಕಲ್ಯಾಣದುರ್ಗದವರು ಎಂದಷ್ಟೇ ಅತ್ತೆ ಹೇಳಿದ್ದು. ಫೋನಿನಲ್ಲಿ ಮಾತಾಡಿದ್ದಾಯಿತು, ಮೆಟ್ಟಿಲ ಮೇಲೆ ಕೂತದ್ದಾಯಿತು, ಒಂದು ಭಾನುವಾರ ಹುಡುಗನೂ ಅವನ ತಂದೆತಾಯಿಯೂ ಬಾಡಿಗೆ ಕಾರಿನಲ್ಲಿ ಬಂದಿಳಿದರು.

ತಂದೆ ಇಳಿದದ್ದನ್ನು ನೀವು ನೋಡಬೇಕಿತ್ತು. ನುಣ್ಣಗೆ ಬೋಳಿಸಿದ ಗಲ್ಲ, ಹಣೆಗೆ ಮೂರು ಬೆರಳ ವಿಭೂತಿ, ಅಂಚಿನ ಪಂಚೆ, ಮಣಿಕಟ್ಟಿಗೆ ದೊಡ್ಡ ಗಡಿಯಾರ. ಧ್ವನಿಯೋ, ಎದೆಯೊಳಗೆ ಕಡಾಯಿ ಬೋರಲಿಟ್ಟ ಹಾಗೆ. "ಬೋರು ಮೂರು ಅವೆ. ಮೂರ್ರಾಗೂ ನೀರು. ಹುಡುಗನ ಅಂಗಡೀನೂ ನಾನೇ ಹಾಕ್ಕೊಟ್ಟೆ," ಎಂದು ಕನ್ನಡದಲ್ಲಿ ಹೇಳುತ್ತಾ ಹೋದರು. ಪಕ್ಕದಲ್ಲಿ ಕೂತ ಹೆಂಡತಿ ಈರಮ್ಮ, ಬಿಸಿಲಿಗೆ ಕಂದಿದ ಗಟ್ಟಿ ಹೆಂಗಸು, ಮಾತಾಡದೆ ಮಂಡಕ್ಕಿ ಉಸಲಿ ತಿನ್ನುತ್ತಿದ್ದರು.

ನಮ್ಮಪ್ಪ ಬಿಟ್ಟಾನೆಯೇ? ಹಗ್ಗದ ಅಂಗಡಿ ಅರ್ಧ ಗಂಟೆಯಲ್ಲಿ ಹೋಲ್‌ಸೇಲ್ ಆಯಿತು. ಫಾರಂಗಳಲ್ಲಿ ಸದಾ ಮನೆಯಲ್ಲೇ ಇರುವ ಅಕ್ಕ ಗಿರಿಜ ಗಾರ್ಮೆಂಟ್ಸಿನಲ್ಲಿ ಇಪ್ಪತ್ತು ಜನರ ಮೇಲೆ ಸೂಪರ್‌ವೈಸರಾದಳು. ಅದು ನಿಜವೇ, ಆದರೆ ಅಪ್ಪ ಅದನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದ್ದು ಅಂದೇ. ನಾನು "ಸರ್ವೆ ಆಫೀಸರು" ಆದೆ. ಒಂದು ಕ್ಷಣ ನಾನೇ ಆ ಆಫೀಸರನ್ನು ಹುಡುಕಿದೆ.

ಎಲ್ಲ ಚೆನ್ನಾಗಿಯೇ ಇತ್ತು. ಶಿವಕುಮಾರ ಕದ್ದು ಅಡುಗೆಮನೆಯ ಕಡೆ ನೋಡುತ್ತಿದ್ದ, ಅಕ್ಕ ಕದಿಯದೆಯೇ ನೋಡುತ್ತಿದ್ದಳು. ಆಗ ಈರಮ್ಮ ಕೈ ಒರೆಸಿಕೊಂಡು ಮೊದಲ ಬಾರಿಗೆ ಮಾತಾಡಿದರು.

"ನಿಮ್ ಹುಡುಗ ಯಾರ್ ದನಿ ಬೇಕಾದ್ರೂ ತೆಗೀತಾನಂತಲ್ಲ? ಎಲ್ಲಿ, ಒಂದು ತೆಗೀಲಿ, ಕೇಳಾನ."

ಅಕ್ಕ ಬಾಗಿಲಲ್ಲಿ ನಿಂತು ಬೇಡವೆಂದು ತಲೆಯಾಡಿಸಿದಳು. ಕಣ್ಣು ದೊಡ್ಡದು ಮಾಡಿದಳು. ಕೈಯಲ್ಲಿದ್ದ ಸೌಟನ್ನೂ ತೋರಿಸಿದಳು. ಸಭಿಕರು ಕೇಳಿದ ಮೇಲೆ ಸೌಟು ಯಾವ ಲೆಕ್ಕ? ಬಸ್ ಕಂಡಕ್ಟರನನ್ನು ಮಾಡಿದೆ, ನಕ್ಕರು. ರೈಲ್ವೆ ಸ್ಟೇಷನ್ನಿನ ಹೆಣ್ಣುಧ್ವನಿ ಮಾಡಿದೆ, ಶಿವಕುಮಾರ ಚಪ್ಪಾಳೆ ತಟ್ಟಿದ. ಚಪ್ಪಾಳೆ ಕೇಳಿದರೆ ನನ್ನ ತಲೆ ನನ್ನ ಹತೋಟಿಯಲ್ಲಿರುವುದಿಲ್ಲ. "ಈಗ ಆದಾಯ ಕೇಳಾಕ್ ಹೋದಾಗ ಒಬ್ಬ ಯಜಮಾನ ಎಂಗ್ ಮಾತಾಡಿದ ಅಂತ ತೋರಿಸ್ತೀನಿ ನೋಡಿ," ಅಂದು ಕುಕ್ಕರಗಾಲಲ್ಲಿ ಕೂತೆ. ಬೋರು ಎಂಡಿಪೋಯಿಂದಿ ಸಾರ್. ಹ್ಹ್ಮ್. ಉಂಡೇದಿ ಒಕ ಮೇಕ ಸಾರ್, ಅದಿ ಗೂಡಾ ಕುಂಟಿದಿ. ಹ್ಹ್ಮ್.

ಈರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಮೈಕುಲುಕಿಸಿ ನಕ್ಕರು. "ಅಯ್ಯಯ್ಯಪ್ಪ! ಥೇಟು ನಮ್ಮೆಜಮಾನ್ರೇ ಕಣಮ್ಮ! ಆಫೀಸ್ನೋರು ಬಂದ್ರೆ ಇವ್ರೂ ಹಿಂಗೇ ಕುಂಯ್ ಅಂತಾರೆ!"

ಕುರ್ಚಿಯ ಕಡೆಯಿಂದ ಒಂದು ಸದ್ದು ಬಂತು. "ಹ್ಹ್ಮ್."

ಅದು ನನ್ನದಲ್ಲ. ತಿರುಗಿ ನೋಡಿದೆ. ಮನಸ್ಸಿನಲ್ಲೇ ವಿಭೂತಿ ಅಳಿಸಿ, ಗಡ್ಡ ಬೆಳೆಸಿ, ಹರಿದ ಬನಿಯನ್ನು ತೊಡಿಸಿ ನೋಡಿದೆ. ಕುಂದುರ್ಪಿಯ ಮಲ್ಲಪ್ಪ ಕೂತಿದ್ದರು. ಸಾವಿರ ಧ್ವನಿಯಲ್ಲಿ ಒಂದನ್ನು ಗುರುತಿಸುತ್ತೇನೆಂದು ಬೀಗುವ ನಾನು, ಒಬ್ಬನೇ ಮನುಷ್ಯ ಭಾಷೆ ಬದಲಿಸಿ ಕೂತದ್ದಕ್ಕೆ ಮೋಸಹೋಗಿದ್ದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇಳಿಜಾರಿನಲ್ಲಿ ಬಿಟ್ಟ ಸೈಕಲ್ಲಿಗೂ ಚೆನ್ನಾಗಿ ಕಲಿತ ಐಟಮ್ಮಿಗೂ ಬ್ರೇಕು ಹಿಡಿಯುವುದಿಲ್ಲ. ಹೆಂಡತಿಗೆ ಸಂಪಾದನೆ ಎಷ್ಟು ಎಂದು ನಾನು ಅಂದು ಕೇಳಿದ್ದಕ್ಕೆ ಆತ ಕೊಟ್ಟಿದ್ದ ಉತ್ತರವೂ ನನ್ನ ಬಾಯಿಂದ ತಾನಾಗಿ ಜಾರಿಬಿತ್ತು.

"ಆಯಮ್ಮಕೇಮುಂದಿ ಸಾರ್ ಸಂಪಾದನ? ತಿನಿ ಇಂಟ್ಲೋ ಉಂಟುಂದಿ. ಹ್ಹ್ಮ್." ಅವಳಿಗೇನು ಸಂಪಾದನೆ, ತಿಂದುಕೊಂಡು ಮನೆಯಲ್ಲಿರುತ್ತಾಳೆ.

ಈರಮ್ಮನ ನಗು ನಿಂತಿತು. ಸೆರಗು ಬಾಯಿಂದ ಇಳಿಯಿತು.

"ಇದ್ಯಾರಪ್ಪ ಹೇಳಿದ್ದು?"

"ಯಾರೋ... ಬ್ರಹ್ಮಸಮುದ್ರದ ಕಡೆಯೋರು ಕಣಮ್ಮ," ಅಂದೆ. ನನ್ನ ಸ್ವಂತ ಧ್ವನಿ ಎಷ್ಟು ತೆಳ್ಳಗಿದೆಯೆಂದು ಅಂದೇ ಗೊತ್ತಾದದ್ದು.

"ಕುಂಟು ಮೇಕೆ ನಮ್ ದೊಡ್ಡೀಲೇ ಐತೆ," ಅಂದರು ಈರಮ್ಮ, ಯಾರ ಕಡೆಗೂ ನೋಡದೆ. "ನಾನು ಕುರಿ ಹೊಡ್ಕೊಂಡು ಹೋಗಿದ್ದಾಗ ಯಾರೋ ಟೋಪಿಯೋನು ಬಂದಿದ್ದ ಅಂತ ಪಕ್ಕದ್ಮನೆಯೋರು ಹೇಳಿದ್ರು."

ಮಲ್ಲಪ್ಪ ಎದ್ದು ನಿಂತರು. "ಏಳ್ರಿ ಎಲ್ರೂ. ಮನೇಗ್ ಕರ್ದು ಆಡ್ಕಳೋ ಜನ ಇವ್ರು. ಎದ್ದೇಳ್ಲಾ ಶಿವ."

ಅಪ್ಪ ಕೈಮುಗಿಯಲು ಹೊರಟವನು, ಅರ್ಧದಲ್ಲೇ ವ್ಯಾಪಾರಿಯಾದ. "ಅಲ್ಲ ಸ್ವಾಮಿ, ಹುಡುಗು ಮುಂಡೇದು, ತಪ್ಪು ಮಾಡ್ತು. ಆದ್ರೆ ಆ ಮೂರು ಬೋರು ಈಗ ಎಲ್ಲೋದ್ವು?"

"ನಿಮ್ ಹೋಲ್‌ಸೇಲ್ ಅಂಗ್ಡಿಯೋರ ಮನೇಲಿ, ಬಾಗ್ಲಿಂದೆ ರೇಷನ್ ಅಕ್ಕಿ ಚೀಲ ಯಾಕೈತೆ? ಅದನ್ನ ಮೊದ್ಲು ಹೇಳಿ!"

ಅಮ್ಮ ತಟ್ಟನೆ ಬಾಗಿಲ ಹಿಂದಿನ ಚೀಲದ ಮುಂದೆ ಹೋಗಿ ನಿಂತಳು. ಚೀಲ ಅಮ್ಮನಿಗಿಂತ ಅಗಲವಾಗಿತ್ತು. ಎರಡೂ ಮನೆಯ ಆದಾಯಗಳು ನಡುಮನೆಯಲ್ಲಿ ಬಟ್ಟೆ ಬಿಚ್ಚಿಕೊಂಡು ನಿಂತಿದ್ದವು. ಅಕ್ಕ ಮಾತ್ರ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿದ್ದಳು. ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಆ ಸದ್ದನ್ನು ಮಾತ್ರ ನಾನು ಯಾವತ್ತೂ ಅನುಕರಿಸಿಲ್ಲ.

"ತಪ್ಪು ನಂದು, ಅಕ್ಕಂದಲ್ಲ," ಅಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ನಾನು ನನ್ನಂತೆಯೇ ಮಾತಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ.

"ಅಪ್ಪಾ, ಕುತ್ಕ," ಅಂದ ಶಿವಕುಮಾರ. ಅವನು ಎದ್ದಿರಲಿಲ್ಲ. "ನಂಗ್ ಹುಡುಗಿ ಒಪ್ಪಿಗೆ ಐತೆ."

"ನಿನ್ನೊಪ್ಪಿಗೆ ಯಾವನ್ಲಾ ಕೇಳಿದ್ದು? ಅಂಗ್ಡಿ ಹಾಕ್ಕೊಟ್ಟೋನು ನಾನು, ಮದುವೆ ಮಾಡೋನು ನಾನು. ದುಡಿಯೋನು ಬ್ಯಾಡ ಅಂದ್ಮೇಲೆ ಬ್ಯಾಡ. ಏಳೇ ಈರಿ, ಕಾರು ಕಾಯ್ತೈತೆ."

ಈರಮ್ಮ ಏಳಲಿಲ್ಲ. ಅಕ್ಕನ ಕಡೆ ಕೈ ಚಾಚಿ ತಟ್ಟೆಯಿಂದ ಒಂದು ಲೋಟ ಕಾಫಿ ತೆಗೆದುಕೊಂಡರು. ಎರಡು ಗುಟುಕು ಕುಡಿದರು, ಸಕ್ಕರೆ ಸರಿಯಿದೆಯೇ ಎಂದು ನೋಡುವವರ ಹಾಗೆ ನಾಲಿಗೆ ಚಪ್ಪರಿಸಿದರು. ಅಕ್ಕನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಗಂಡನ ಕಡೆ ತಲೆಯೆತ್ತಿ, ಧ್ವನಿ ಒಂದಿಷ್ಟೂ ಏರಿಸದೆ, ಹೇಳಿದರು:

"ನಂಗೆ ಸಂಪಾದ್ನೆ ಇಲ್ಲ, ತಿಂದ್ಕೊಂಡು ಮನೇಲಿರ್ತೀನಿ ಅಂತ ಸರ್ಕಾರಕ್ಕೇ ಬರ್ಸಿದೀರಲ್ಲ, ಆ ಇಲ್ದಿರೋ ಸಂಪಾದ್ನೇಲೇ ಕುರಿ ಮಾರಿ ಮಗನ ಅಂಗ್ಡಿ ಹಾಕಿದ್ದೀನಿ, ಮದುವೇನೂ ಮಾಡ್ತೀನಿ, ನೀವು ತಿಂದ್ಕೊಂಡು ಮನೇಲಿರಿ."